ಒಂದು ದೇಶ ಒಟ್ಟಾಗಿ ಕೇಳಿದ ಹಾಡುಗಳು: ಟ್ರ್ಯಾಜಿಕಲಿ ಹಿಪ್ ಮತ್ತು ಕೆನಡಾದ ಈಗಿನ ತಕರಾರು

2016ರ ಆಗಸ್ಟ್ 20, ಶನಿವಾರ ರಾತ್ರಿ. ರಿಯೊ ಒಲಿಂಪಿಕ್ಸ್ ಮುಗಿಯಲು ಇನ್ನೊಂದೇ ದಿನ ಬಾಕಿ. ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ಆ ಹೊತ್ತಿನಲ್ಲಿ ಒಲಿಂಪಿಕ್ಸನ್ನೇ ಬದಿಗೆ ಸರಿಸಿತು. ಒಂಟಾರಿಯೊ ಪ್ರಾಂತ್ಯದ ಕಿಂಗ್‌ಸ್ಟನ್ ಎಂಬ ಸಣ್ಣ ನಗರದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದ ಒಂದು ರಾಕ್ ಬ್ಯಾಂಡಿನ ಕಾರ್ಯಕ್ರಮವನ್ನು ಟಿವಿ, ರೇಡಿಯೊ, ಇಂಟರ್ನೆಟ್ ಮೂರರಲ್ಲೂ ಜಾಹೀರಾತಿಲ್ಲದೆ ಕೊನೆಯವರೆಗೂ ಬಿತ್ತರಿಸಿತು. ಅದನ್ನು ನೋಡಿದವರು, ಕೇಳಿದವರು ಅಂದಾಜು 1.17 ಕೋಟಿ. ಆಗ ಕೆನಡಾದ ಜನಸಂಖ್ಯೆ ಸುಮಾರು 3.6 ಕೋಟಿ. ಇಂದು ರಾತ್ರಿ ಕೆನಡಾ ಬಾಗಿಲು ಹಾಕಿರುತ್ತದೆ ಎಂದು ಟೊರಾಂಟೊ ಪೊಲೀಸರು ಜಗತ್ತಿಗೆ ಟ್ವೀಟ್ ಮಾಡಿದ್ದರು. ಪ್ರಧಾನಿ ಜಸ್ಟಿನ್ ಟ್ರೂಡೊ ಪ್ರೇಕ್ಷಕರ ನಡುವೆ ನಿಂತು ಹಾಡು ಕೇಳುತ್ತಿದ್ದರು.

ಬ್ಯಾಂಡಿನ ಹೆಸರು ದಿ ಟ್ರ್ಯಾಜಿಕಲಿ ಹಿಪ್. ಅದರ ಹಾಡುಗಾರ ಗಾರ್ಡ್ ಡೌನಿಗೆ ಮೆದುಳಿನಲ್ಲಿ ವಾಸಿಯಾಗದ ಕ್ಯಾನ್ಸರ್. ಇದು ಕೊನೆಯ ಪ್ರವಾಸದ ಕೊನೆಯ ಪ್ರದರ್ಶನ ಎಂದು ಎಲ್ಲರಿಗೂ ಗೊತ್ತಿತ್ತು.

ಕೆನಡಾದಿಂದ ಹೊರಗೆ ಕಾಲಿಟ್ಟರೆ ಈ ಹೆಸರು ಕೇಳಿದವರು ವಿರಳ. ಅಲ್ಲಿನ ನೀಲ್ ಯಂಗ್, ಜೋನಿ ಮಿಚೆಲ್, ಲೆನರ್ಡ್ ಕೋಹೆನ್, ಬ್ರಯಾನ್ ಆಡಮ್ಸ್, ಸೆಲೀನ್ ಡಿಯೋನ್ ನಮಗೂ ಗೊತ್ತು. ಹಿಪ್ ಗೊತ್ತಿಲ್ಲ. ಜಗತ್ತು ಗೆದ್ದ ಕಲಾವಿದರ ಸಾಲೇ ಇರುವ ದೇಶ ತನ್ನ ಹೃದಯದಲ್ಲಿ ಜಾಗ ಕೊಟ್ಟಿದ್ದು ಹೊರಗೆ ಯಾರಿಗೂ ಅಷ್ಟಾಗಿ ತಿಳಿಯದ ಐವರಿಗೆ. ಅದು ಹೇಗಾಯಿತು ಎಂಬ ಪ್ರಶ್ನೆ ಈಗ ಬರೀ ಅಭಿಮಾನಿಗಳದ್ದಾಗಿ ಉಳಿದಿಲ್ಲ. ಸ್ಟ್ರೀಮಿಂಗ್ ಕಂಪನಿಗಳಿಂದ ಕೆನಡಾದ ಸಂಗೀತಕ್ಕೆ ಏನನ್ನು ಕೇಳಬೇಕು, ಎಷ್ಟು ಕೇಳಬೇಕು ಎಂಬ ಕಾನೂನು ಜಗಳದಲ್ಲಿ ರಾಜಧಾನಿ ಒಟ್ಟಾವಾದ ಸರಕಾರ ಸಿಲುಕಿರುವಾಗ ಅದಕ್ಕೆ ಈ ಬ್ಯಾಂಡಿನ ಬದುಕಿನಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಥೆ ಶುರುವಾಗುವುದು 1984ರಲ್ಲಿ, ಕಿಂಗ್‌ಸ್ಟನ್‌ನಲ್ಲಿ. ವಿಶ್ವವಿದ್ಯಾಲಯವೂ ಹಲವು ಜೈಲುಗಳೂ ಇರುವ ಊರು ಅದು. ಡೌನಿ, ಗಿಟಾರ್ ನುಡಿಸುವ ರಾಬ್ ಬೇಕರ್, ಬೇಸ್ ಗಿಟಾರಿನ ಗಾರ್ಡ್ ಸಿಂಕ್ಲೇರ್, ಡ್ರಮ್ಸ್‌ನ ಜಾನಿ ಫೇ ಮೊದಲಿಗರು. 1986ರಲ್ಲಿ ಎರಡನೇ ಗಿಟಾರಿಗೆ ಪಾಲ್ ಲ್ಯಾಂಗ್ಲ್ವಾ ಸೇರಿದರು. ಅಲ್ಲಿಂದ ಮುಂದೆ ಮೂವತ್ತು ವರ್ಷ ಈ ಐವರಲ್ಲಿ ಒಬ್ಬರೂ ಬದಲಾಗಲಿಲ್ಲ. 1990ರ ದಶಕದ ಶುರುವಿನಿಂದಲೇ ಹಾಡುಗಳನ್ನು ಯಾರೊಬ್ಬರ ಹೆಸರಿನಲ್ಲೂ ದಾಖಲಿಸದೆ ಐವರ ಹೆಸರಿನಲ್ಲೇ ದಾಖಲಿಸುವ ರೂಢಿ ಮಾಡಿಕೊಂಡರು. ಬ್ಯಾಂಡುಗಳನ್ನು ಒಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಯಾರು ಬರೆದದ್ದು, ಯಾರಿಗೆ ಎಷ್ಟು ದುಡ್ಡು ಎಂಬುದರಿಂದಲೇ ಹುಟ್ಟುವುದರಿಂದ, ಇವರು ಅಷ್ಟು ಕಾಲ ಜೊತೆಗಿದ್ದುದರಲ್ಲಿ ಈ ಪುಟ್ಟ ನಿರ್ಧಾರಕ್ಕೆ ದೊಡ್ಡ ಪಾಲಿದೆ.

1989ರ 'ಅಪ್ ಟು ಹಿಯರ್', 1991ರ 'ರೋಡ್ ಆಪಲ್ಸ್', 1992ರ 'ಫುಲ್ಲಿ ಕಂಪ್ಲೀಟ್ಲಿ', 1994ರ 'ಡೇ ಫಾರ್ ನೈಟ್' ಒಂದರ ಹಿಂದೊಂದು ಬಂದವು. ಮೊದಲನೆಯದೂ ಮೂರನೆಯದೂ ಕೆನಡಾದಲ್ಲೇ ಹತ್ತು ಲಕ್ಷ ಪ್ರತಿ ದಾಟಿ ಡೈಮಂಡ್ ಪದವಿ ಪಡೆದವು. ಮೂರು ಕೋಟಿಯೂ ಇರದ ಆಗಿನ ಜನಸಂಖ್ಯೆಗೆ ಇದು ಅಸಾಮಾನ್ಯ ಸಂಖ್ಯೆ. 1999ರಲ್ಲಿ ಟೊರಾಂಟೊದ ಹೊಸ ದೊಡ್ಡ ಒಳಾಂಗಣ ಏರ್ ಕೆನಡಾ ಸೆಂಟರ್ ತೆರೆದಾಗ ಅಲ್ಲಿ ಮೊದಲ ಸಂಗೀತ ಕಾರ್ಯಕ್ರಮ ಇವರದೇ. 2016ರ 'ಮ್ಯಾನ್ ಮಷೀನ್ ಪೊಯಮ್' ತನಕ ಒಟ್ಟು 13 ಪೂರ್ಣ ಆಲ್ಬಮ್‌ಗಳು.

ಹಾಡುಗಳಲ್ಲಿ ಇದ್ದದ್ದೇನು?

ಹೊರಗಿನವರು ಈ ಬ್ಯಾಂಡನ್ನು ಕೆನಡಾದ ಬ್ಯಾಂಡ್ ಎಂದು ಕೇಳಿದೊಡನೆ ದೇಶಭಕ್ತಿಗೀತೆಗಳನ್ನು ಊಹಿಸಿಕೊಳ್ಳುತ್ತಾರೆ. ಇಲ್ಲಿ ಅಂಥದ್ದು ಹುಡುಕಿದರೂ ಸಿಗದು. ಇರುವುದು ಜೈಲು, ಕೊಲೆ, ಮುಳುಗುವ ಹಡಗು, ಕಾಣೆಯಾದ ವಿಮಾನ, ಕೆಲಸ ಬಿಡಬೇಕೇ ಎಂದು ಯೋಚಿಸುವ ಪೊಲೀಸ್ ಪೇದೆ.

'ಫಿಫ್ಟಿ ಮಿಷನ್ ಕ್ಯಾಪ್' ಹಾಡನ್ನೇ ತೆಗೆದುಕೊಳ್ಳಿ. ಬಿಲ್ ಬರಿಲ್ಕೊ ಎಂಬ ಐಸ್ ಹಾಕಿ ಆಟಗಾರ 1951ರಲ್ಲಿ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಟೊರಾಂಟೊ ಮೇಪಲ್ ಲೀಫ್ಸ್ ತಂಡಕ್ಕೆ ಸ್ಟಾನ್ಲಿ ಕಪ್ ತಂದುಕೊಟ್ಟ. ಅದೇ ಬೇಸಿಗೆಯಲ್ಲಿ ಮೀನು ಹಿಡಿಯಲು ಸಣ್ಣ ವಿಮಾನದಲ್ಲಿ ಹೋದವನು ಮರಳಲಿಲ್ಲ. ವಿಮಾನದ ಅವಶೇಷ ಸಿಕ್ಕಿದ್ದು 1962ರಲ್ಲಿ. ಆ ತಂಡ ಮತ್ತೆ ಕಪ್ ಗೆದ್ದದ್ದೂ ಅದೇ ವರ್ಷ. ಡೌನಿ ಇದನ್ನು ಪವಾಡವಾಗಿಸದೆ, ಕಂಬನಿ ಸುರಿಸದೆ, ಹಾಕಿ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಮಾಹಿತಿಯಂತೆಯೇ ಹಾಡುತ್ತಾನೆ. ಈ ವಿಷಯವನ್ನು ಕಾರ್ಡಿನಿಂದ ಕದ್ದೆ ಎಂದು ಹಾಡಿನಲ್ಲೇ ಹೇಳಿಬಿಡುತ್ತಾನೆ. ಮಕ್ಕಳು ಅಂಗಡಿಯಲ್ಲಿ ಕೊಂಡು ಕೂಡಿಡುವ ಕಾರ್ಡು ಹೀಗೆ ಒಂದು ಸಮುದಾಯದ ನೆನಪಿನ ಪತ್ರವಾಗುತ್ತದೆ. ಹಾಡು ಬರುವ ಹೊತ್ತಿಗೆ ಬರಿಲ್ಕೊನ ಹೆಸರು ಹಳೆಯ ಹಾಕಿ ಪ್ರೇಮಿಗಳಲ್ಲಿ ಮಾತ್ರ ಉಳಿದಿತ್ತು. ಇಂದು ಕೆನಡಾದ ಎರಡು ತಲೆಮಾರಿಗೆ ಅದು ಗೊತ್ತಿರುವುದು ಈ ಹಾಡಿನಿಂದ.

ನನ್ನ ಲೆಕ್ಕದಲ್ಲಿ ಇವರ ಅತಿ ದೊಡ್ಡ ಹಾಡು ಅದೇ 1992ರ ಆಲ್ಬಮ್‌ನ ಕೊನೆಯ ಕಡೆ ಬರುವ 'ವೀಟ್ ಕಿಂಗ್ಸ್'. ಲೂನ್ ಹಕ್ಕಿಯ ಕೂಗಿನಿಂದ ಶುರುವಾಗುತ್ತದೆ. ಕೆನಡಾದ ಸರೋವರಗಳ ಬದಿ ರಾತ್ರಿ ಕಳೆದವರಿಗೆಲ್ಲ ಆ ಕೂಗು ಗೊತ್ತು. ಅಲ್ಲಿನ ಒಂದು ಡಾಲರ್ ನಾಣ್ಯದ ಮೇಲಿರುವುದೂ ಅದೇ ಹಕ್ಕಿ. ಹೀಗೆ ಮನೆಯಂಗಳದಂಥ ಸದ್ದಿನಿಂದ ಕರೆದೊಯ್ದು ಹಾಡು ನಮ್ಮನ್ನು ಒಂದು ಘೋರ ಅನ್ಯಾಯದ ಮುಂದೆ ನಿಲ್ಲಿಸುತ್ತದೆ. ಹಿನ್ನೆಲೆ ಡೇವಿಡ್ ಮಿಲ್‌ಗಾರ್ಡ್ ಎಂಬವನದು. 1969ರಲ್ಲಿ ಸಸ್ಕಟೂನ್ ನಗರದಲ್ಲಿ ನಡೆದ ಯುವತಿಯೊಬ್ಬಳ ಕೊಲೆಗೆ ಹದಿನಾರರ ಈ ಹುಡುಗನನ್ನು ಹೊಣೆ ಮಾಡಿದರು. 1970ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೊಲೆ ಮಾಡಿದವನು ಅವನಲ್ಲ. ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ 1992ರ ಏಪ್ರಿಲ್‌ನಲ್ಲಿ ಹೊರಬಂದ. ಡಿಎನ್‌ಎ ಪರೀಕ್ಷೆ ಅವನನ್ನು ಪೂರ್ತಿ ನಿರಪರಾಧಿ ಎಂದು ತೋರಿಸಿದ್ದು 1997ರಲ್ಲಿ. ಅಂದರೆ ಹಾಡು ಬಂದಾಗ ಅವನು ಬಿಡುಗಡೆಯಾಗಿದ್ದ, ಆದರೆ ಕಳಂಕ ತೊಳೆದಿರಲಿಲ್ಲ.

ಇಲ್ಲಿ ಡೌನಿ ಮಾಡುವ ಕೆಲಸ ಸೂಕ್ಷ್ಮವಾದದ್ದು. ಪೊಲೀಸರನ್ನಾಗಲಿ ನ್ಯಾಯಾಧೀಶರನ್ನಾಗಲಿ ಬಯ್ಯುವುದಿಲ್ಲ. ಬಿಡುಗಡೆಯ ಸುದ್ದಿ ಸಿಬಿಸಿಯಲ್ಲಿ ಬರುತ್ತದೆ. ಅದನ್ನು ಕೇಳಿದ ದೇಶ, ಅವನು ಬಿಡುಗಡೆಯಾಗುತ್ತಾನೆ ಎಂಬುದು ನಮಗೆ ಮೊದಲೇ ಗೊತ್ತಿತ್ತಲ್ಲ ಎಂದು ಪಿಸುಗುಡುತ್ತದೆ. ಇಪ್ಪತ್ತಮೂರು ವರ್ಷ ಸುಮ್ಮನಿದ್ದವರು ಒಂದು ಸಂಜೆಯ ವಾರ್ತೆ ಕೇಳಿ ತಮ್ಮ ಒಳ್ಳೆಯತನಕ್ಕೆ ತಾವೇ ಮೆಚ್ಚಿಕೊಳ್ಳುವ ಗಳಿಗೆ ಅದು. ಕೆನಡಾದ ಬೇಸಿಗೆ ಮನೆಗಳಲ್ಲಿ, ಬೆಂಕಿ ಹಾಕಿಕೊಂಡು ಕೂತ ಗುಂಪುಗಳಲ್ಲಿ ಜನ ಈ ಹಾಡನ್ನು ಒಟ್ಟಾಗಿ ಹಾಡುತ್ತಾರೆ. ಹಾಡು ತಮ್ಮ ಮೇಲಿನ ದೂರು ಎಂದು ತಿಳಿದೂ ಹಾಡುತ್ತಾರೆ. ಒಂದು ಸಮಾಜದ ಪ್ರೀತಿ ಗಳಿಸಿ ಅದರ ಕಿವಿ ಹಿಂಡುವುದು ಇಷ್ಟು ಚೆನ್ನಾಗಿ ಬೇರೆಲ್ಲೂ ನಡೆದಂತೆ ನನಗೆ ತೋರಿಲ್ಲ.

1998ರ 'ಬಾಬ್‌ಕೇಜನ್' ಕೂಡ ಹೀಗೆಯೇ. ಟೊರಾಂಟೊದಿಂದ ಈಶಾನ್ಯಕ್ಕೆ ಸರೋವರಗಳ ನಡುವಿನ ಒಂದು ಚಿಕ್ಕ ಊರಿನ ಹೆಸರು. ಅಲ್ಲಿನ ಪ್ರೇಯಸಿಯ ಮನೆ ಬಿಟ್ಟು ನಗರದ ಕೆಲಸಕ್ಕೆ ಹೊರಡುವ ಪೊಲೀಸ್‌ನ ಮಂದ್ರ ದನಿಯ ಪ್ರೇಮಗೀತೆ ಎಂದು ಕೇಳುತ್ತಿರುವಾಗಲೇ ನಡುವೆ ಜನಾಂಗ ದ್ವೇಷದ ಗಲಭೆಯೊಂದು ನುಗ್ಗುತ್ತದೆ. 1933ರಲ್ಲಿ ಟೊರಾಂಟೊದ ಕ್ರಿಸ್ಟಿ ಪಿಟ್ಸ್ ಮೈದಾನದಲ್ಲಿ ಬೇಸ್‌ಬಾಲ್ ಪಂದ್ಯದ ವೇಳೆ ಕೆಲವರು ಸ್ವಸ್ತಿಕ ಬಾವುಟ ಬಿಚ್ಚಿದ್ದರಿಂದ ಹೊತ್ತಿಕೊಂಡ, ಯೆಹೂದಿ ಮತ್ತು ಇಟಾಲಿಯನ್ ಹುಡುಗರು ಸೇರಿ ಎದುರಿಸಿದ ಗಲಭೆಯ ನೆರಳು ಅದರಲ್ಲಿದೆ ಎಂದು ಕೇಳುಗರು ಓದುತ್ತ ಬಂದಿದ್ದಾರೆ. ಅದಕ್ಕೂ ಹಿಂದಿನ '38 ಇಯರ್ಸ್ ಓಲ್ಡ್' ಕಿಂಗ್‌ಸ್ಟನ್ ಬಳಿಯ ಮಿಲ್‌ಹೇವನ್ ಜೈಲಿನಿಂದ ಕೈದಿಗಳು ತಪ್ಪಿಸಿಕೊಂಡ ಕಥೆ. ನಿಜದಲ್ಲಿ 1972ರಲ್ಲಿ 14 ಮಂದಿ ಓಡಿಹೋದರು. ಹಾಡಿನಲ್ಲಿ 1973 ಮತ್ತು 12 ಮಂದಿ. ಆ ಓಡಿಹೋದವರಲ್ಲಿ ಒಬ್ಬ ನನ್ನ ಅಣ್ಣ ಎಂದು ಡೌನಿ ಹಾಡಿದಾಗ ಅನೇಕರು ಅದನ್ನು ಅವನ ಮನೆಯ ನಿಜ ಸಂಗತಿ ಎಂದೇ ನಂಬಿದರು. ಅದು ಕಲ್ಪನೆ.

ಈ ಹಾಡುಗಳಿಗೆ ಅಡಿಟಿಪ್ಪಣಿ ಇಲ್ಲ. ಬರಿಲ್ಕೊ ಯಾರು, ಬಾಬ್‌ಕೇಜನ್ ಎಲ್ಲಿ ಎಂದು ಹಾಡು ಹೇಳುವುದಿಲ್ಲ. ಗೊತ್ತಿದ್ದವರಿಗೆ ರೋಮಾಂಚನ, ಗೊತ್ತಿಲ್ಲದವರು ಹುಡುಕಿಕೊಳ್ಳಬೇಕು. ಅಮೆರಿಕದ ಊರುಗಳ ಹೆಸರುಗಳನ್ನು ಹಾಡುಗಳಲ್ಲಿ ಕೇಳಿಯೇ ಬೆಳೆದ ಕೆನಡಾದ ಯುವಕರಿಗೆ ತಮ್ಮ ಪಕ್ಕದ ಊರೂ ಹಾಡಿಗೆ ಯೋಗ್ಯ ಎಂದು ತೋರಿಸಿದ್ದು ಇವರು. ಇದನ್ನು ಬರೀ ಊರಿನ ಅಭಿಮಾನ ಎಂದು ಕರೆಯಲಾರೆ. ಕವಿಯೊಬ್ಬ ತನ್ನ ಸುತ್ತಲಿನದನ್ನು ಕಣ್ಣಿಟ್ಟು ನೋಡಿದ ಫಲ ಅದು.

ಗಡಿಯಾಚೆ ಏಕೆ ಹೋಗಲಿಲ್ಲ?

1995ರಲ್ಲಿ ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಅತಿ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ಹಿಪ್ ಹಾಡಿತು. ಒಟ್ಟಾವಾದಲ್ಲಿ ಹುಟ್ಟಿ, ಕಿಂಗ್‌ಸ್ಟನ್ ಸುತ್ತಿನೊಡನೆ ನಂಟಿದ್ದ ನಟ ಡ್ಯಾನ್ ಅಕ್ರಾಯ್ಡ್ ಹೆಮ್ಮೆಯಿಂದ ಪರಿಚಯಿಸಿದರು. ಇನ್ನು ಅಮೆರಿಕ ಗೆದ್ದಂತೆ ಎಂದು ಕೆನಡಾ ಕಾದಿತ್ತು. ಏನೂ ಆಗಲಿಲ್ಲ. ಸಂಗೀತದ ಪತ್ರಕರ್ತರು ಇಪ್ಪತ್ತು ವರ್ಷ ಈ ಪ್ರಶ್ನೆಯನ್ನೇ ಕೇಳಿ ಕೇಳಿ ಬ್ಯಾಂಡನ್ನು ದಣಿಸಿದರು.

ಹಾಡುಗಳು ಅತಿಯಾಗಿ ಸ್ಥಳೀಯ, ಅದಕ್ಕೇ ಸೋತವು ಎಂಬುದು ಸುಲಭದ ಉತ್ತರ. ನಾನು ಒಪ್ಪುವುದಿಲ್ಲ. ಬಫಲೊ, ಡೆಟ್ರಾಯಿಟ್‌ನಂಥ ಗಡಿಯಂಚಿನ ಅಮೆರಿಕನ್ ನಗರಗಳಲ್ಲಿ ಹಿಪ್‌ಗೆ ಸಾವಿರಾರು ನಿಷ್ಠ ಕೇಳುಗರಿದ್ದರು. ಅವರು ಅಮೆರಿಕನ್ನರೇ, ಬರಿಲ್ಕೊ, ಮಿಲ್‌ಗಾರ್ಡ್ ಅವರ ಇತಿಹಾಸದಲ್ಲೂ ಇರಲಿಲ್ಲ. ವ್ಯತ್ಯಾಸ ಒಂದೇ: ಆ ನಗರಗಳಿಗೆ ಕೆನಡಾದ ರೇಡಿಯೊ ತರಂಗಗಳು ತಲುಪುತ್ತಿದ್ದವು. ಹಾಡು ಕಿವಿಗೆ ಬಿದ್ದ ಕಡೆ ಗೆದ್ದಿತು, ಬೀಳದ ಕಡೆ ಅಪರಿಚಿತವಾಗೇ ಉಳಿಯಿತು. ಹಾಡಿನ ಗುಣದ ಜೊತೆ ಅದನ್ನು ಮತ್ತೆ ಮತ್ತೆ ಕೇಳಿಸುವ ವ್ಯವಸ್ಥೆಯೂ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಆ ವ್ಯವಸ್ಥೆ ತಾನಾಗಿ ಬಂದದ್ದಲ್ಲ. 1960ರ ದಶಕದ ಕೆನಡಾದ ರೇಡಿಯೊಗಳಲ್ಲಿ ಕೇಳುತ್ತಿದ್ದುದು ಬಹುಪಾಲು ಅಮೆರಿಕ ಮತ್ತು ಬ್ರಿಟನ್ನಿನ ಹಾಡು. ಹತ್ತಿರದ ದೈತ್ಯ ಮಾರುಕಟ್ಟೆಯಿಂದ ಸಿದ್ಧ ಸರಕು ಸಿಗುವಾಗ ಸ್ಥಳೀಯ ಹಾಡಿನ ಮೇಲೆ ಹಣ ಹೂಡಲು ಯಾರಿಗೂ ಕಾರಣವಿರಲಿಲ್ಲ. ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ ಸಿಆರ್‌ಟಿಸಿ, ಪಿಯೆರ್ ಜ್ಯುನೊ ಅಧ್ಯಕ್ಷತೆಯಲ್ಲಿ, 1971ರಿಂದ ಎಎಂ ರೇಡಿಯೊಗಳು ನುಡಿಸುವ ಸಂಗೀತದಲ್ಲಿ ಶೇ 30ರಷ್ಟು ಕೆನಡಾದ್ದೇ ಇರಬೇಕೆಂದು ಕಡ್ಡಾಯ ಮಾಡಿತು. 1990ರ ದಶಕದ ಕೊನೆಗೆ ಜನಪ್ರಿಯ ಸಂಗೀತದ ಪಾಲು ಶೇ 35ಕ್ಕೇರಿತು. ಫ್ರೆಂಚ್ ರೇಡಿಯೊಗಳಿಗೆ ಬೇರೆ ನಿಯಮ: ಜನಪ್ರಿಯ ಗಾಯನದಲ್ಲಿ ಶೇ 65 ಫ್ರೆಂಚ್ ಇರಬೇಕು. ದೇಶದ ಸಂಗೀತ ಪ್ರಶಸ್ತಿ ಜೂನೊಗೆ ಆ ಹೆಸರು ಬಂದದ್ದೂ ಈ ಜ್ಯುನೊ ಅವರಿಂದ. ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡ ಹಾಡಿಗೆ ಜಾಗ ಬೇಕೆಂಬ ಒತ್ತಾಯವನ್ನೂ, ಅದಕ್ಕೆ ಬಂದ ಮಾರುಕಟ್ಟೆಯ ಉತ್ತರಗಳನ್ನೂ ಕೇಳಿದ ನಮಗೆ ಈ ವಾದದ ಎರಡೂ ಬದಿ ಪರಿಚಿತ.

ಯಾವುದು ಕೆನಡಾದ ಹಾಡು ಎಂದು ಅಳೆಯಲು ನಾಲ್ಕು ಅಂಶಗಳ ಕೋಷ್ಟಕ ಬಂತು: ಸಂಗೀತ ಸಂಯೋಜಿಸಿದವರು, ಹಾಡಿದವರು, ಧ್ವನಿಮುದ್ರಣ ಅಥವಾ ಪ್ರದರ್ಶನ ನಡೆದ ಜಾಗ, ಸಾಹಿತ್ಯ ಬರೆದವರು. ನಾಲ್ಕರಲ್ಲಿ ಎರಡು ಕೆನಡಾಕ್ಕೆ ಸೇರಿದರೆ ಹಾಡು ಪಾಸು. ಇದು ಎಷ್ಟು ಒರಟು ಅಳತೆ ಎಂಬುದು 1990ರ ದಶಕದ ಶುರುವಿನಲ್ಲೇ ಬಯಲಾಯಿತು. ಬ್ರಯಾನ್ ಆಡಮ್ಸ್ ತಮ್ಮ 1991ರ ಆಲ್ಬಮ್‌ನ ಹಾಡುಗಳನ್ನು ದೇಶದ ಹೊರಗಿನ ನಿರ್ಮಾಪಕರೊಬ್ಬರ ಜೊತೆ ಬರೆದು ಹೊರಗೇ ಮುದ್ರಿಸಿದ್ದರಿಂದ ಅವು ಕೆನಡಾದ್ದಲ್ಲ ಎಂದಾಯಿತು. ಅವರು ಸಿಟ್ಟಾದರು, ಆಯೋಗ ನಿಯಮ ತಿದ್ದಿತು. ಹಿಪ್‌ನ ವಿಷಯ ಇದರ ತದ್ವಿರುದ್ಧ. 'ಅಪ್ ಟು ಹಿಯರ್' ಮುದ್ರಣವಾದದ್ದು ಮೆಂಫಿಸ್‌ನಲ್ಲಿ, 'ರೋಡ್ ಆಪಲ್ಸ್' ನ್ಯೂ ಆರ್ಲಿಯನ್ಸ್‌ನಲ್ಲಿ. ಹಾಕಿ ಕಾರ್ಡ್, ಸಸ್ಕಟೂನ್ ಎಲ್ಲ ತುಂಬಿರುವ 'ಫುಲ್ಲಿ ಕಂಪ್ಲೀಟ್ಲಿ' ಮುದ್ರಣವಾದದ್ದು ಲಂಡನ್‌ನಲ್ಲಿ. ಆದರೂ ಬರೆದವರು, ಹಾಡಿದವರು ಕೆನಡಾದವರೇ ಆದ್ದರಿಂದ ಅವೆಲ್ಲ ನಿಯಮದೊಳಗೆ ಸಲೀಸಾಗಿ ಬಂದವು. ಕೋಷ್ಟಕಕ್ಕೆ ಬರಿಲ್ಕೊ ಯಾರೆಂಬುದು ಬೇಕಿಲ್ಲ. ಊರು-ಕೇರಿಯ ಹೆಸರೇ ಇಲ್ಲದ ಪ್ರೇಮಗೀತೆಗೂ 'ವೀಟ್ ಕಿಂಗ್ಸ್'ಗೂ ಅದರಲ್ಲಿ ಒಂದೇ ಅಂಕ.

ಇದನ್ನು ನಾನು ಕೊರತೆ ಎಂದು ನೋಡುವುದಿಲ್ಲ. ಸರಕಾರಿ ಆಯೋಗವೊಂದು ಹಾಡಿನ ವಸ್ತುವಿಗೆ ಅಂಕ ಕೊಡಲು ಕೂತರೆ ಆಗುವ ಅನಾಹುತ ದೊಡ್ಡದು. ಕೋಟಾ ಮಾಡಿದ್ದು ಜಾಗ ಬಿಡಿಸುವ ಕೆಲಸ ಮಾತ್ರ. ಆ ಜಾಗದಲ್ಲಿ ಎಷ್ಟೋ ಸಾಧಾರಣ ಹಾಡುಗಳೂ ಬಂದು ಹೋದವು. ರೇಡಿಯೊಗಳು ಹೊಸಬರ ಕಷ್ಟ ಬೇಡವೆಂದು ಹೆಸರಾದವರ ಹತ್ತಾರು ಹಾಡುಗಳನ್ನೇ ತಿರುಗಿಸಿ ತಿರುಗಿಸಿ ಕೋಟಾ ತುಂಬಿದವು ಎಂಬ ದೂರೂ ನ್ಯಾಯವಾದದ್ದೇ. ಆ ತಿರುಗಣಿಯ ದೊಡ್ಡ ಫಲಾನುಭವಿಗಳಲ್ಲಿ ಹಿಪ್ ಕೂಡ ಒಂದು. ಆದರೆ ಅದರಿಂದಲೇ ಇನ್ನೊಂದು ಸಂಗತಿ ನಡೆಯಿತು. ವ್ಯಾಂಕೂವರ್‌ನ ಟ್ಯಾಕ್ಸಿಯಲ್ಲೂ ಹ್ಯಾಲಿಫ್ಯಾಕ್ಸ್‌ನ ಗ್ಯಾರೇಜಿನಲ್ಲೂ ಒಂದೇ ವಾರ ಒಂದೇ ಹಾಡು ಕೇಳುತ್ತಿತ್ತು. 1984ರಲ್ಲೇ ಶುರುವಾದ ಮಚ್‌ಮ್ಯೂಸಿಕ್ ಟಿವಿ ವಾಹಿನಿ ಆ ಹಾಡಿಗೆ ಮುಖ ಕೊಟ್ಟಿತು. ಮರುದಿನ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಅದರ ಬಗ್ಗೆ ಮಾತಾಡಲು ಜೊತೆಗಾರರಿದ್ದರು.

ವೇದಿಕೆಯೂ ಇದರ ಭಾಗವೇ. 'ನ್ಯೂ ಆರ್ಲಿಯನ್ಸ್ ಈಸ್ ಸಿಂಕಿಂಗ್' ಹಾಡುತ್ತ ನಡುವೆ ವಾದ್ಯಗಳು ಒಂದೇ ಲಯದಲ್ಲಿ ಸುತ್ತುತ್ತಿರುವಾಗ ಡೌನಿ ಆ ಕ್ಷಣಕ್ಕೆ ತೋಚಿದ ಕಥೆ ಹೇಳುತ್ತಿದ್ದ. ಒಂದು ರಾತ್ರಿ ಹೇಳಿದ್ದು ಇನ್ನೊಂದು ರಾತ್ರಿಗೆ ಬೆಳೆಯುತ್ತಿತ್ತು. 'ನಾಟಿಕಲ್ ಡಿಸಾಸ್ಟರ್' ರೂಪ ಪಡೆದದ್ದು ಹೀಗೆ, ಜನರೆದುರು, ಬೇರೊಂದು ಹಾಡಿನ ಹೊಟ್ಟೆಯೊಳಗೆ. ಮುಳುಗುವ ಹಡಗು, ಪಾರಾಗುವ ಕೆಲವರು, ನೀರಿನಲ್ಲಿ ಬಿಟ್ಟುಬಂದವರ ಕೈಗಳು ದೋಣಿಯನ್ನು ಪರಚುವ ಸದ್ದು. ಅದಕ್ಕೆ ಪಲ್ಲವಿಯೇ ಇಲ್ಲ. ಇಂಥ ಹಾಡು ರೇಡಿಯೊಕ್ಕೆ ಬಿಡುಗಡೆಯಾಯಿತು, ಜನ ಪೂರ್ತಿ ಬಾಯಿಪಾಠ ಮಾಡಿದರು. ಇಂದಿನ ಸ್ಟ್ರೀಮಿಂಗ್ ಲೆಕ್ಕದಲ್ಲಿ ಸ್ಪಾಟಿಫೈ ಒಂದು ಹಾಡು ನುಡಿದಿದೆ ಎಂದು ಎಣಿಸುವುದು 30 ಸೆಕೆಂಡು ದಾಟಿದ ಮೇಲೆ. ಅಷ್ಟರೊಳಗೆ ಕೇಳುಗ ಮುಂದಿನದಕ್ಕೆ ಹಾರಿದರೆ ಹಾಡಿಗೆ ದುಡ್ಡೂ ಇಲ್ಲ, ಯಂತ್ರದ ಶಿಫಾರಸೂ ಇಲ್ಲ. ಪಲ್ಲವಿಯನ್ನು ಮುಂದಕ್ಕೆ ತಾ ಎಂದು ಹೊಸಬರ ಮೇಲೆ ಇರುವ ಒತ್ತಡ ಎಂಥದೆಂದು ಊಹಿಸಬಹುದು.

ಈಗಿನ ಜಗಳ

2023ರ ಏಪ್ರಿಲ್‌ನಲ್ಲಿ ಕೆನಡಾದ ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆಗೆ ಅಂಕಿತ ಬಿತ್ತು. ರೇಡಿಯೊ, ಟಿವಿಗೆ ಇದ್ದ ಹೊಣೆಗಾರಿಕೆಯನ್ನು ಇಂಟರ್ನೆಟ್ ಸೇವೆಗಳಿಗೂ ವಿಸ್ತರಿಸುವುದು ಉದ್ದೇಶ. 2024ರ ಜೂನ್‌ನಲ್ಲಿ ಸಿಆರ್‌ಟಿಸಿ ಮೊದಲ ದೊಡ್ಡ ಆದೇಶ ಹೊರಡಿಸಿತು: ಕೆನಡಾದಲ್ಲಿ ವರ್ಷಕ್ಕೆ 2.5 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯವಿರುವ, ಅಲ್ಲಿನ ಪ್ರಸಾರ ಕಂಪನಿಗಳ ಜೊತೆ ನಂಟಿಲ್ಲದ ಸ್ಟ್ರೀಮಿಂಗ್ ಸೇವೆಗಳು ಆ ಆದಾಯದ ಶೇ 5ನ್ನು ನಿಧಿಗಳಿಗೆ ಕೊಡಬೇಕು. ವರ್ಷಕ್ಕೆ ಸುಮಾರು 20 ಕೋಟಿ ಡಾಲರ್ ಬರಬಹುದೆಂದು ಅಂದಾಜು. ಹೊಸ ಸಂಗೀತಗಾರರ ನಿಧಿ, ಸಣ್ಣ ಊರುಗಳ ರೇಡಿಯೊ ಸುದ್ದಿ, ಮೂಲನಿವಾಸಿ ಸಂಗೀತ ಇತ್ಯಾದಿಗೆ ಇದು ಹೋಗಬೇಕು. ದೊಡ್ಡ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಅಮೆರಿಕ ಇದನ್ನು ತನ್ನ ಕಂಪನಿಗಳ ಮೇಲಿನ ತಾರತಮ್ಯ ಎಂದು ವ್ಯಾಪಾರ ಮಾತುಕತೆಯ ತಕರಾರಾಗಿಸಿತು. 2025ರಲ್ಲಿ ಡೊನಾಲ್ಡ್ ಟ್ರಂಪ್ ಸುಂಕ ಹೇರಿ, ಕೆನಡಾ 51ನೇ ರಾಜ್ಯವಾಗಲಿ ಎಂದು ಪದೇ ಪದೇ ಹೇಳಿದ ಮೇಲೆ ಈ ವಿಷಯಕ್ಕೆ ಭಾವನೆಯ ಬಿಸಿಯೂ ಸೇರಿತು. ಅದೇ ವರ್ಷದ ಚುನಾವಣೆಯಲ್ಲಿ ಸಿಬಿಸಿಯ ಇಂಗ್ಲಿಷ್ ವಿಭಾಗಕ್ಕೆ ಸರಕಾರಿ ಹಣ ನಿಲ್ಲಿಸುವುದಾಗಿ ಕನ್ಸರ್ವೇಟಿವ್ ಪಕ್ಷ ಭರವಸೆ ಕೊಟ್ಟಿತ್ತು, ಪಕ್ಷ ಸೋತಿತು.

ಶೇ 5ರ ಹಣ ನ್ಯಾಯವಾದದ್ದು ಎಂದೇ ನಾನು ಭಾವಿಸುತ್ತೇನೆ. ಒಂದು ದೇಶದ ಕೇಳುಗರಿಂದ ಗಳಿಸುವವರು ಆ ದೇಶದ ಸಂಗೀತಕ್ಕೆ ಒಂದಿಷ್ಟು ಮರಳಿಸಬೇಕು. ಅಲ್ಲಿನ ರೇಡಿಯೊಗಳು ಮೊದಲಿನಿಂದ ಕೊಡುತ್ತಿವೆ. ಆದರೆ ಹಿಪ್‌ನ ಕಥೆ ಗಮನವಿಟ್ಟು ನೋಡಿದರೆ ಈ ಆದೇಶ ಹಿಡಿದಿರುವುದು ಸಮಸ್ಯೆಯ ಒಂದು ತುದಿಯನ್ನು ಮಾತ್ರ. ಹಣ ಹಾಡು ಮಾಡಲು ನೆರವಾಗುತ್ತದೆ. ಈಗ ಹಾಡು ಮಾಡುವುದು ಹಿಂದೆಂದಿಗಿಂತ ಅಗ್ಗ. ಕೆನಡಾದಲ್ಲಿ ಹಾಡುಗಳ ಬರವಿಲ್ಲ. ಬರವಿರುವುದು ಒಟ್ಟಾಗಿ ಕೇಳುವ ಅವಕಾಶಕ್ಕೆ. ಹಳೆಯ ಕೋಟಾ ತಯಾರಿಕೆಗೆ ಒಂದು ಡಾಲರನ್ನೂ ನೇರವಾಗಿ ಕೊಡಲಿಲ್ಲ; ರೇಡಿಯೊದಲ್ಲಿ ಸಮಯ ಕೊಟ್ಟಿತು. ಹೊಸ ಕಾಯ್ದೆ ದುಡ್ಡು ಕೇಳುತ್ತಿದೆ. ಕೇಳಿಸುವ ವಿಚಾರದಲ್ಲಿ ಹಿಂಜರಿಯುತ್ತಿದೆ.

ಹಿಂಜರಿಕೆಗೆ ಕಾರಣವಿದೆ. ರೇಡಿಯೊದಲ್ಲಿ ಒಂದು ಗಂಟೆಗೆ ಇಷ್ಟೇ ಹಾಡು. ಶೇಕಡಾವಾರು ಹೇಳುವುದು ಸುಲಭ. ಕೇಳುಗನೇ ಆರಿಸಿಕೊಳ್ಳುವ ಜಾಗದಲ್ಲಿ ಯಾರ ಕಿವಿಗೆ ಶೇ 35 ತುರುಕುವುದು? ಹಾಗೆ ಮಾಡಿದರೆ ಕೇಳುಗ ಕೆನಡಾದ ಹಾಡು ಬಂದಾಗಲೆಲ್ಲ ಮುಂದಕ್ಕೆ ಒತ್ತುತ್ತಾನೆ, ಯಂತ್ರ ಅದನ್ನು ಬೇಡದ ಹಾಡು ಎಂದು ಗುರುತಿಟ್ಟು ಜಗತ್ತಿನ ಉಳಿದ ಕಡೆಯೂ ಕೆಳಗೆ ತಳ್ಳುತ್ತದೆ ಎಂದು ಇಂಟರ್ನೆಟ್ ಕಲಾವಿದರು ಸಂಸತ್ತಿನ ಸಮಿತಿಗಳ ಮುಂದೆ ಎಚ್ಚರಿಸಿದ್ದರು. ಇದನ್ನು ಕಂಪನಿಗಳ ಕುಂಟುನೆಪ ಎಂದು ತಳ್ಳಿಹಾಕುವಂತಿಲ್ಲ. ಆದರೆ ಕೇಳುಗ ಬೆರಳಿಟ್ಟು ಆರಿಸುವ ಹಾಡು ಬೇರೆ, ಕಂಪನಿಯೇ ತನ್ನ ಸಿಬ್ಬಂದಿಯಿಂದ ಜೋಡಿಸಿ ಮುಖಪುಟದಲ್ಲಿಡುವ ಪ್ಲೇಲಿಸ್ಟ್ ಬೇರೆ. ಎರಡನೆಯದು ರೇಡಿಯೊದ ಕೆಲಸವನ್ನೇ ಮಾಡುತ್ತದೆ. ಅಲ್ಲಿ ಪಾಲು ಕೇಳುವುದರಲ್ಲಿ ತಪ್ಪಿಲ್ಲ. ಫ್ರೆಂಚ್ ಮಾತಾಡುವ ಕ್ವಿಬೆಕ್ ಈ ವಿಷಯದಲ್ಲಿ ಇಂಗ್ಲಿಷ್ ಕೆನಡಾಕ್ಕಿಂತ ದಿಟ್ಟವಾಗಿರುವುದು ಸಹಜ. ಭಾಷೆಯೇ ಬೇರೆಯಾದ್ದರಿಂದ ಅಲ್ಲಿ ನಷ್ಟ ತಕ್ಷಣ ಕಣ್ಣಿಗೆ ಕಾಣುತ್ತದೆ.

ಎಲ್ಲರ ಬ್ಯಾಂಡೇ?

ಒಂದು ಮಾತನ್ನು ಮರೆಮಾಚಬಾರದು. ಇಡೀ ಕೆನಡಾದ ಬ್ಯಾಂಡ್ ಎನ್ನುವಾಗ ಹೊರಗುಳಿದವರು ಅನೇಕರು. ಕ್ವಿಬೆಕ್‌ಗೆ ಅದರದೇ ತಾರೆಗಳು. ಟೊರಾಂಟೊದ ವಲಸೆ ಕುಟುಂಬಗಳ ಎಷ್ಟೋ ಮಕ್ಕಳಿಗೆ ಹಾಕಿ, ಬೇಸಿಗೆ ಮನೆ, ಸರೋವರ ಇವೆಲ್ಲ ಪರರ ಬದುಕು. ಮೂಲನಿವಾಸಿಗಳಿಗಂತೂ ಆ ದೇಶದ ಕಥೆಯಲ್ಲಿ ಜಾಗವೇ ಇರಲಿಲ್ಲ. ಎಲ್ಲರೂ ಒಂದೇ ಹಾಡು ಕೇಳುತ್ತಿದ್ದ ಕಾಲ ಎಂದು ಹಂಬಲಿಸುವಾಗ, ಆ ಒಂದೇ ಹಾಡನ್ನು ಆರಿಸುತ್ತಿದ್ದವರು ಬೆರಳೆಣಿಕೆಯ ರೇಡಿಯೊ ವ್ಯವಸ್ಥಾಪಕರು ಎಂಬುದೂ ನೆನಪಿರಬೇಕು.

ಇದನ್ನು ಡೌನಿ ಬೇರೆಯವರಿಗಿಂತ ಮೊದಲೇ ಕಂಡಿದ್ದ. ಬಾವುಟ ಬೀಸುವ ಅಭಿಮಾನದ ಬಗ್ಗೆ ಅವನಿಗೆ ಸದಾ ಅಳುಕಿತ್ತು. 2012ರಲ್ಲಿ ಬ್ಯಾಂಡ್ ಜೇಮ್ಸ್ ಕೊಲ್ಲಿಯ ಬಳಿಯ ಫೋರ್ಟ್ ಆಲ್ಬನಿ ಎಂಬ ಮೂಲನಿವಾಸಿ ಹಳ್ಳಿಗೆ ಹೋಗಿ ಹಾಡಿ ಬಂತು. ಆ ವರ್ಷದ ಆಲ್ಬಮ್‌ನಲ್ಲಿ ಅದೇ ಭಾಗದ ಅಟವಪಿಸ್ಕಟ್ ಊರಿನ ಹೆಸರಿನ ಹಾಡೊಂದಿದೆ. ಕೊನೆಯ ಕಾರ್ಯಕ್ರಮದಲ್ಲಿ, ದೇಶದ ಮೂರನೇ ಒಂದು ಭಾಗ ನೋಡುತ್ತಿರುವಾಗ, ಡೌನಿ ಪ್ರಧಾನಿಯನ್ನು ಹೆಸರು ಹಿಡಿದು ಕರೆದ. ಉತ್ತರದ ಜನರ ಕಡೆ ನೋಡದಂತೆ ನಮ್ಮೆಲ್ಲರನ್ನೂ ಬದುಕಿಡೀ ಪಳಗಿಸಲಾಗಿದೆ, ಇದನ್ನು ಸರಿಮಾಡಬೇಕು ಎಂಬ ಅರ್ಥದ ಮಾತು ಹೇಳಿದ. ಹಾಡಿನ ಸಾಲುಗಳನ್ನೇ ನೆನಪಿಡಲಾಗದೆ ಪರದೆಗಳ ಮೇಲೆ ನೋಡಿ ಹಾಡುತ್ತಿದ್ದವನು ಸಿಕ್ಕ ಅಷ್ಟೂ ಕಿವಿಗಳನ್ನು ತನಗಾಗಿ ಬಳಸಲಿಲ್ಲ.

ಎರಡು ತಿಂಗಳ ಬಳಿಕ ಅವನ 'ಸೀಕ್ರೆಟ್ ಪಾತ್' ಬಂತು. ಹತ್ತು ಹಾಡು, ಜೊತೆಗೆ ಜೆಫ್ ಲೆಮಿಯರ್ ಚಿತ್ರಿಸಿದ ಪುಸ್ತಕ. ಚೇನಿ ವೆಂಜಾಕ್ ಎಂಬ ಅನಿಶಿನಾಬೆ ಎಂಬ ಮೂಲನಿವಾಸಿ ಸಮುದಾಯದ ಹನ್ನೆರಡು ವರ್ಷದ ಹುಡುಗನ ಕಥೆ. ಕೆನೋರಾದ ವಸತಿ ಶಾಲೆಯಿಂದ 1966ರ ಅಕ್ಟೋಬರ್‌ನಲ್ಲಿ ಓಡಿದ ಅವನು, 600 ಕಿಲೋಮೀಟರ್ ದೂರದ ಮನೆಗೆ ರೈಲು ಹಳಿಗುಂಟ ನಡೆದು, ಚಳಿಯಲ್ಲಿ ಸತ್ತ. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಭಾಷೆ, ಆಚಾರ ಎಲ್ಲ ಅಳಿಸಲು ನಡೆಸಿದ ಇಂಥ ಶಾಲೆಗಳ ಮೂಲಕ ಸುಮಾರು 1,50,000 ಮಕ್ಕಳು ಹಾದುಹೋದರು. ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ 94 ಶಿಫಾರಸುಗಳ ಜೊತೆ ಇದನ್ನು ದಾಖಲಿಸಿತ್ತು. ಆಯೋಗದ ವರದಿ ಓದದವರಿಗೂ ಹಾಡು ಮುಟ್ಟಿತು. 2016ರ ಡಿಸೆಂಬರ್‌ನಲ್ಲಿ ಮೂಲನಿವಾಸಿ ಮುಖಂಡರ ಸಭೆ ಡೌನಿಗೆ ಹದ್ದಿನ ಗರಿ ಕೊಟ್ಟು, ನಕ್ಷತ್ರಗಳ ನಡುವೆ ನಡೆಯುವವನು ಎಂಬ ಅರ್ಥದ, ಲಕೋಟಾ ಎಂಬ ಮೂಲನಿವಾಸಿ ಭಾಷೆಯ ಹೆಸರಿಟ್ಟು ಗೌರವಿಸಿತು. 2017ರ ಅಕ್ಟೋಬರ್ 17ರಂದು, 53ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ.

ಡೌನಿ ಮತ್ತು ವೆಂಜಾಕ್ ಕುಟುಂಬಗಳು ಸೇರಿ ಕಟ್ಟಿದ ನಿಧಿ ಈಗ ಪ್ರತಿ ಅಕ್ಟೋಬರ್ 17ರಿಂದ 22ರವರೆಗೆ ಆ ಹಾಡುಗಳ ಹೆಸರಿನಲ್ಲಿ ಒಂದು ವಾರ ಆಚರಿಸುತ್ತದೆ. ದೇಶದ ಬೇರೆ ಬೇರೆ ಮೂಲೆಗಳ ತರಗತಿಗಳಲ್ಲಿ ಮಕ್ಕಳು ಅವನ್ನು ಒಟ್ಟಾಗಿ ಕೇಳಿ, ಚರ್ಚಿಸಿ, ತಮ್ಮ ಊರಿನ ನೆಲ ಮೊದಲು ಯಾರದ್ದಾಗಿತ್ತು ಎಂದು ಹುಡುಕುತ್ತಾರೆ. ಒಟ್ಟಾಗಿ ಕೇಳುವುದು ರೇಡಿಯೊ ಜೊತೆಗೇ ಸತ್ತುಹೋಯಿತು ಎನ್ನುವವರಿಗೆ ನಾನು ತೋರಿಸುವುದು ಇದನ್ನು. ಯಾವ ಯಂತ್ರದ ಶಿಫಾರಸೂ ಇಲ್ಲದೆ ಇದು ನಡೆಯುತ್ತಿದೆ, ಏಕೆಂದರೆ ಯಾರೋ ಶಿಕ್ಷಕರು ದಿನ ಗೊತ್ತುಮಾಡಿ ಹಾಡು ಹಚ್ಚುತ್ತಾರೆ. ಸಿಆರ್‌ಟಿಸಿ ವಸೂಲು ಮಾಡಬಯಸುವ ಹಣದ ಗಣನೀಯ ಪಾಲು ಧ್ವನಿಮುದ್ರಣಕ್ಕಿಂತ ಇಂಥ ಕಡೆಗೆ ಹೋಗಬೇಕು: ಶಾಲೆಗೆ, ಸಮುದಾಯ ರೇಡಿಯೊಕ್ಕೆ, ಸಣ್ಣ ಊರಿನ ಸಭಾಂಗಣಕ್ಕೆ, ದೊಡ್ಡ ನಗರಗಳ ದಾರಿಯಲ್ಲಿ ಬರದ ಊರುಗಳಿಗೆ ಬ್ಯಾಂಡುಗಳು ವ್ಯಾನಿನಲ್ಲಿ ಹೋಗಿಬರುವ ಖರ್ಚಿಗೆ. ಸಿಬಿಸಿಯ ಕೈ ಕಟ್ಟುವ ಮಾತು ಮತ್ತೆ ಬಂದಾಗ ಅದನ್ನು ಸಂಗೀತದವರೇ ಮೊದಲು ವಿರೋಧಿಸಬೇಕು.